ಡಬ್ಬಿಯಲ್ಲಿ ಬಂದ ದಾರಿ

ಹಲ್ಲಿನ ಡಾಕ್ಟರ್ ತನ್ನ ಸೈಕಲ್ಲಿನ ಮುಂದಿನ ಚಕ್ರವನ್ನು ಹೆಗಲಿಗೇರಿಸಿಕೊಂಡು ಕುಂಟುತ್ತಾ ಅಂಗಡಿಯ ಮೆಟ್ಟಿಲು ಹತ್ತಿದಾಗ, ಟೈರಮ್ಮ ಜಗಳಕ್ಕೆ ಟೊಂಕ ಕಟ್ಟಿ ನಿಂತಳು.

ಟೈರಮ್ಮ ಎಂಬುದು ಗುಡ್ಡದ ಸೈಕಲ್ ಸವಾರರು ಅವಳಿಗಿಟ್ಟ ಹೆಸರು. ಯಾವ ನೆಲಕ್ಕೆ ಯಾವ ಟೈರು ಎಂದು ಅವಳನ್ನು ಕೇಳದೆ ಊರಲ್ಲಿ ಯಾರೂ ಗುಡ್ಡದ ಕಡೆ ಹೊರಡುತ್ತಿರಲಿಲ್ಲ. ಹೆಸರಿಗೆ ಅಜ್ಜಿಯ ಗತ್ತಿದ್ದರೂ ಅವಳಿಗಿನ್ನೂ ಮೂವತ್ತು ದಾಟಿರಲಿಲ್ಲ.

ಡಾಕ್ಟರಿಗೆ ಟೈರು ಕೊಟ್ಟವಳೂ ಅವಳೇ, ಹೋದ ವಾರ. ಎದುರು ಸಾಲಿನಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಅವನು ಬಂದು, "ಎಲ್ಲಾ ಕಡೆಗೂ ಆಗೋ ಒಂದು ಟೈರ್ ಕೊಡಿ" ಎಂದಿದ್ದ.

"ಎಲ್ಲಾ ಕಾಯಿಲೆಗೂ ಆಗೋ ಒಂದು ಮಾತ್ರೆ ಇದೆಯಾ ನಿಮ್ಮ ಹತ್ರ?"

ಅವನು ನಕ್ಕಿದ್ದ. ಆ ನಗುವಿದ್ದ ಮೇಲೆ ಕ್ಲಿನಿಕ್ಕಿಗೆ ಬೇರೆ ಬೋರ್ಡು ಬೇಕಿರಲಿಲ್ಲ. ಅವಳು ಒಂದೊಂದೇ ಟೈರನ್ನು ಕೊಕ್ಕೆಯಿಂದ ಇಳಿಸಿ ಪಾಠ ಶುರು ಮಾಡಿದ್ದಳು.

"ಗಟ್ಟಿ ನೆಲಕ್ಕೆ ಗಿಡ್ಡ ಹಲ್ಲು, ಒತ್ತೊತ್ತಾಗಿ. ಸಲೀಸಾಗಿ ಉರುಳುತ್ತೆ. ಕೆಸರಿಗೆ ಉದ್ದ ಹಲ್ಲು, ಮಧ್ಯೆ ಜಾಗ ಬೇಕು, ಇಲ್ಲಾಂದ್ರೆ ಕೆಸರು ಕಚ್ಕೊಂಡು ಕೂತ್ಬಿಡುತ್ತೆ. ಚೂಪು ಕಲ್ಲಿದ್ರೆ ಟೈರಿನ ಪಕ್ಕ ದಪ್ಪ ಇರ್ಬೇಕು."

"ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳೋದು ನನಗೆ ಗೊತ್ತಿರೋ ಸಬ್ಜೆಕ್ಟು," ಎಂದು ಅವನು ರಬ್ಬರಿನ ಹಲ್ಲುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ್ದ. ಆ ಬೆರಳುಗಳನ್ನು ಅವಳು ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ ನೋಡಿದ್ದಳು. ಅವಳು ನೋಡಿದ್ದನ್ನು ಕೌಂಟರಿನ ಹಿಂದೆ ಕೂತಿದ್ದ ದೊಡ್ಡಮ್ಮ ನೋಡಿದ್ದಳು.

"ಕೆರೆ ಹಿಂದಿನ ಗುಡ್ಡಕ್ಕೆ ಯಾವ್ದು?"

"ಅಲ್ಲಿ ನೆಲ ಸಿಮೆಂಟಿನ ಹಾಗಿದೆ. ಗಿಡ್ಡ ಹಲ್ಲಿಂದೇ ಸಾಕು. ಕಣ್ಣು ಮುಚ್ಕೊಂಡು ಹೋಗಿ."

ಅವನು ಕಣ್ಣು ತೆರೆದುಕೊಂಡೇ ಹೋಗಿ, ಬಿದ್ದು ಬಂದಿದ್ದ.

"ಅಲ್ಲಿ ಗಟ್ಟಿ ನೆಲ ಇಲ್ಲ," ಎಂದ ಈಗ, ಚಕ್ರವನ್ನು ಕೆಳಗಿಳಿಸುತ್ತಾ. ಮೊಣಕೈಗೆ ಬ್ಯಾಂಡೇಜು. "ದೊಡ್ಡ ತಿರುವಲ್ಲಿ ಪೂರ್ತಿ ಸಡಿಲ ಜಲ್ಲಿ. ಮೇಲಿನ ಮಣ್ಣು ಕೊಚ್ಚಿಹೋಗಿ ಎರಡು ವರ್ಷ ಆಯ್ತಂತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ನೀವೇ ಗಾಳಿ ಜಾಸ್ತಿ ತುಂಬಿರ್ತೀರಿ. ನಾನು ಮೊನ್ನೆ ಭಾನುವಾರ ಕೂಡ ಹೋಗಿದ್ದೆ, ಏನೂ ಆಗ್ಲಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ನೋವೇ ಇಲ್ಲ ಎನ್ನುವ ರೋಗಿಯ ಊದಿದ ಕೆನ್ನೆಯನ್ನು ನೋಡುವ ರೀತಿ ಅದು. ಆಮೇಲೆ ಕಣ್ಣನ್ನು ಅವಳಿಂದ ಹಿಂಗೋಡೆಗೆ, ಅಲ್ಲಿಂದ ಮತ್ತೆ ಅವಳತ್ತ ತಂದು, "ಸರಿ. ಚಕ್ರ ಇಲ್ಲೇ ಇರಲಿ. ಬೇರೆ ಟೈರ್ ನೀವೇ ಆರಿಸಿ," ಎಂದು ಹೊರಟುಹೋದ.

"ಬಿದ್ದವನಿಗಿಂತ ನಿನ್ನ ಮುಖವೇ ಜಾಸ್ತಿ ತರಚಿದೆ," ಎಂದಳು ದೊಡ್ಡಮ್ಮ.

ನಿಜ ಹೇಳಬೇಕೆಂದರೆ, ಅವಳು ಗುಡ್ಡ ಹತ್ತಿ ಮೂರು ವರ್ಷವಾಗಿತ್ತು. ಅದೇ ತಿರುವಿನಲ್ಲಿ ಬಿದ್ದು ಭುಜದ ಮೂಳೆ ಮುರಿದಿತ್ತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಸೈಕಲ್ಲನ್ನು ಹಿಂಗೋಡೆಗೆ ನೇತುಹಾಕಿದಳು. ಗುಡ್ಡ ಹತ್ತದವಳ ಮಾತು ಕೇಳಿ ಗುಡ್ಡ ಹತ್ತುವವರು ಯಾರು? ಅದಕ್ಕೇ ಯಾರಿಗೂ ಹೇಳಲಿಲ್ಲ. ನೆನಪಿನ ದಾರಿಗೆ ಟೈರು ಮಾರುತ್ತಾ ಬಂದಳು. ಈಗ ಒಬ್ಬನ ರಕ್ತ ಸುರಿದಿತ್ತು. ಅದೂ, ಅವಳು ಬೆಳಿಗ್ಗೆ ಶಟರ್ ಎತ್ತುವಾಗ ಎದುರು ಸಾಲಿನಲ್ಲಿ ಮೊದಲು ಹುಡುಕುತ್ತಿದ್ದ ಒಬ್ಬನದು. ಅಂಗಡಿಯ ಹೆಸರು ಹೋದರೂ ಹೋಗಲಿ, ಅವನು ಇನ್ನು ಈ ಮೆಟ್ಟಿಲು ಹತ್ತದಿದ್ದರೆ ಎಂಬ ಹೆದರಿಕೆ ಅವಳನ್ನು ವಾರವಿಡೀ ಕೊರೆಯಿತು.

ಅವನು ಹತ್ತಿದ. ಕೈಯಲ್ಲಿ ಹಲ್ಲುಸೆಟ್ಟು ಇಡುವ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳಿದ್ದವು.

"ಯಾರ ಹಲ್ಲಪ್ಪಾ?" ದೊಡ್ಡಮ್ಮ ಕನ್ನಡಕ ಏರಿಸಿದಳು.

"ಗುಡ್ಡದ್ದು," ಎಂದು ಅವನು ಮುಚ್ಚಳ ತೆಗೆದ. ಒಂದರಲ್ಲಿ ಗಟ್ಟಿ ಮಣ್ಣಿನ ಹೆಂಟೆ, ಒಂದರಲ್ಲಿ ಹಳ್ಳದ ಕಪ್ಪು ಕೆಸರು, ಒಂದರಲ್ಲಿ ಮರಳು, ಕೊನೆಯದರಲ್ಲಿ ಆ ತಿರುವಿನ ಜಲ್ಲಿ. "ನೀವು ಬರೋದು ಬೇಡ. ದಾರಿನೇ ತಂದಿದೀನಿ. ನೋಡಿ ಹೇಳಿ."

ಅವಳು ಡಬ್ಬಿಗಳಿಂದ ತಲೆಯೆತ್ತಿ ಅವನನ್ನು ನೋಡಿದಳು. "ನಾನು ಹೋಗಿರ್ಲಿಲ್ಲ ಅಂತ ಗೊತ್ತಿತ್ತಾ?"

"ನಿಮ್ಮ ಸೈಕಲ್ ಹ್ಯಾಂಡಲ್‌ಗೆ ಜೇಡ ಬಲೆ ಕಟ್ಟಿದೆ. ಭಾನುವಾರ ಅದನ್ನೂ ಕರ್ಕೊಂಡು ಹೋಗಿದ್ರಾ?"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಬಿದ್ದದ್ದು, ಮುಚ್ಚಿಟ್ಟದ್ದು, ಅವನಿಗೆ ಸುಳ್ಳು ಹೇಳಿ ನಿದ್ದೆಗೆಟ್ಟದ್ದು, ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ಏನೂ ಕೇಳಿಸದವಳಂತೆ ಸೈಕಲ್ ಬೆಲ್ಲುಗಳ ಧೂಳು ಒರೆಸತೊಡಗಿದಳು.

"ಭಯಕ್ಕೆ ವರ್ಷಗಟ್ಟಲೆ ನನ್ನ ಹತ್ರ ಬರದೇ ಇರೋರು ಎಷ್ಟೋ ಜನ," ಎಂದ ಅವನು. "ಬಂದಾಗ ಬೈಯಲ್ಲ. ಬಂದ್ರಲ್ಲ ಅಂತ ಖುಷಿಪಡ್ತೀನಿ."

ಅವಳು ಕಣ್ಣೊರೆಸಿಕೊಂಡು ಜಲ್ಲಿಯನ್ನು ಬೆರಳುಗಳ ನಡುವೆ ಉಜ್ಜಿದಳು. ಕೊಕ್ಕೆಯಿಂದ ಅಂಚಿನಲ್ಲಿ ಉದ್ದ ಹಲ್ಲಿದ್ದ ಅಗಲ ಟೈರೊಂದನ್ನು ಇಳಿಸಿದಳು. "ಇದು ಮುಂದಕ್ಕೆ. ಗಾಳಿ ಸ್ವಲ್ಪ ಕಡಿಮೆ ಇರಲಿ. ಹಿಂದಕ್ಕೆ ಆ ಗಿಡ್ಡ ಹಲ್ಲಿಂದೇ ಇರಲಿ."

"ಎರಡೂ ಬೇರೆ ಬೇರೆನಾ?"

"ಹಿಂದಿಂದು ಜಾರಿದ್ರೆ ಸಾವರಿಸ್ಕೋಬಹುದು. ಮುಂದಿಂದು ಜಾರಿದ್ರೆ ಕಥೆ ಮುಗೀತು." ಹೇಳುತ್ತಲೇ ಅಂಥದ್ದೇ ಇನ್ನೊಂದು ಟೈರನ್ನು ಇಳಿಸಿದಳು.

"ಇದು ಯಾರಿಗೆ?"

"ಜೇಡಕ್ಕೆ."

ಶನಿವಾರ ಸವಾರರು ಬಂದಾಗ ಅವಳು ನೇರವಾಗಿ ಹೇಳಿಬಿಟ್ಟಳು: "ಆ ಗುಡ್ಡ ನೋಡಿ ಮೂರು ವರ್ಷ ಆಯ್ತು. ನಾಳೆ ಹೋಗಿ ಬಂದು ಹೇಳ್ತೀನಿ." ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬ ಟೈರು ಕೊಳ್ಳದೆ ಹೋದ. ಉಳಿದವರು ಸೋಮವಾರ ಬರುತ್ತೇವೆಂದರು.

ಭಾನುವಾರ ಬೆಳಿಗ್ಗೆ ತಿರುವಿನ ಮೇಲೆ ಇಬ್ಬರೂ ನಿಂತರು. ಅವಳು ಎರಡೂ ಬ್ರೇಕು ಬಿಗಿಹಿಡಿದಿದ್ದಳು.

"ನಾನು ಮುಂದೆ ಹೋಗಿ ದಾರಿ ತೋರಿಸ್ಲಾ?" ಎಂದ ಅವನು.

"ಬೇಡ. ನೀವು ಕೆಳಗೆ ನಡ್ಕೊಂಡು ಹೋಗಿ ನಿಂತಿರಿ. ನಿಮ್ಮನ್ನ ನೋಡ್ಕೊಂಡು ಬರ್ತೀನಿ."

ಅವನು ಹೋಗಿ ನಿಂತ. ಅವಳು ಬ್ರೇಕು ಬಿಟ್ಟಳು. ಜಲ್ಲಿ ಕರಕರ ಎಂದಿತು. ನಡುವೆ ಹಿಂದಿನ ಚಕ್ರ ಸರ್ರನೆ ಜಾರಿತು. ಮುಂದಿನದು ನೆಲ ಕಚ್ಚಿ ಹಿಡಿಯಿತು. ಅವಳು ಸಾವರಿಸಿಕೊಂಡು ಇಳಿದುಬಂದು ಅವನ ಕಾಲ ಬಳಿಯೇ ಸೈಕಲ್ ನಿಲ್ಲಿಸಿದಳು.

"ಜಾರಿತು," ಎಂದ ಅವನು. ಅವನ ಮುಖ ಬಿಳಿಚಿಕೊಂಡಿತ್ತು.

"ಜಾರಿತು. ಬೀಳ್ಲಿಲ್ಲ." ಏದುಸಿರಿನಲ್ಲೇ ಅವಳು ನಕ್ಕಳು. ಅವನು ಏನನ್ನೋ ಹೇಳಹೊರಟು ನಿಲ್ಲಿಸಿದ. ಮತ್ತೆ ಹೊರಟ, ಮತ್ತೆ ನಿಲ್ಲಿಸಿದ.

"ದಿನವಿಡೀ ಊರವರ ಬಾಯಿ ತೆಗೆಸ್ತೀರಿ. ನಿಮ್ಮ ಬಾಯಿ ತೆಗೆಸೋಕೆ ಯಾರು ಬರ್ಬೇಕು ಡಾಕ್ಟ್ರೇ?"

"ನಂಗೆ ನೀವಂದ್ರೆ ತುಂಬಾ ಇಷ್ಟ," ಎಂದ ಅವನು ಒಂದೇ ಉಸಿರಿಗೆ. "ಮೊದಲನೇ ದಿನ ನಂಗೆ ಟೈರೇ ಬೇಕಿರ್ಲಿಲ್ಲ."

ಅವಳು ಹ್ಯಾಂಡಲ್ ಬಿಟ್ಟು ಬ್ಯಾಂಡೇಜಿನ ಕೈಯನ್ನು ಹಿಡಿದುಕೊಂಡಳು, ನೋಯದ ಹಾಗೆ. "ನಂಗೂ ಇಷ್ಟ. ಡಬ್ಬಿಗಳು ಎಲ್ಲಿ?"

"ಕ್ಲಿನಿಕ್ಕಲ್ಲಿ. ಯಾಕೆ?"

"ಮುಂದಿನ ಭಾನುವಾರ ಬೇರೆ ಗುಡ್ಡಕ್ಕೆ ಹೋಗೋಣ. ಮಣ್ಣು ನಾನು ತುಂಬ್ತೀನಿ, ಮುಚ್ಚಳ ನೀವು ಹಾಕಿ."