ಹಾಲಿನ ಚೀಲದಲ್ಲಿದ್ದ ಫೋಟೋ

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಪುಣೆಯ ವಾಕಡ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದರು. ಹೆಸರು ನರ್ಮದಾ ಕಟ್ಟಿ, ವಯಸ್ಸು ಅರವತ್ತೊಂದು, ಟೆಲಿಫೋನ್ ಇಲಾಖೆಯಿಂದ ನಿವೃತ್ತರು. ಊರು ಧಾರವಾಡ, ಪುಣೆಗೆ ಬಂದು ಮೂವತ್ತು ವರ್ಷ, ಒಬ್ಬರೇ ವಾಸ. ಮರಾಠಿಯಲ್ಲಿ ಎರಡು ಮಾತು ಸರಿಯಾಗಿಯೇ ಹೇಳಿದರು. ಮೂರನೆಯದು ಕನ್ನಡದಲ್ಲೇ ಬಂತು. ಕಾನ್‌ಸ್ಟೆಬಲ್ ಬಾಳು ವಾಘಮಾರೆ ನೀರು ಕೊಟ್ಟು, ಅವರನ್ನು ನೇರ ಇನ್ಸ್‌ಪೆಕ್ಟರ್ ಸಿದ್ರಾಮಪ್ಪ ಬಿರಾಜದಾರರ ಕೋಣೆಗೆ ಕರೆದೊಯ್ದ. ಸಾಹೇಬರು ಅಕ್ಕಲಕೋಟೆ ಕಡೆಯವರು. ಬರೆಯುವುದು ಮರಾಠಿ, ಮನೆಮಾತು ಕನ್ನಡ.

"ಕೂಡ್ರಿ ಅಕ್ಕಾರ. ಏನಾತು?"

"ಯಾರೋ ನನ್ನ ಮನಿಯೊಳಗ ಬಂದು ಹೋಗ್ಯಾರ್ರಿ. ಏನೂ ಒಯ್ದಿಲ್ಲ. ಅದಕ್ಕ ಅಂಜಿಕಿ."

ನರ್ಮದಾ ಹೇಳಿದ ವಿಷಯ ಇಷ್ಟು. ಅಂತರ್ಜಾಲದಲ್ಲಿ ಒಂದು ಕನ್ನಡ ವಿಶ್ವಕೋಶ ಇದೆ. ಯಾರು ಬೇಕಾದರೂ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಭಿನ್ನಾಭಿಪ್ರಾಯ ಬಂದರೆ ಚರ್ಚಾಪುಟದಲ್ಲಿ ವಾದ. ಒಂಬತ್ತು ವರ್ಷದಿಂದ ಅವರು ಅಲ್ಲಿ ಪುಣೆ ಸುತ್ತಲಿನ ಊರುಗಳ ಬಗ್ಗೆ ಬರೆಯುತ್ತಾರೆ, ತಾವೇ ಹೋಗಿ ಫೋಟೋ ತೆಗೆದು ಹಾಕುತ್ತಾರೆ. ದಿನಕ್ಕೆ ನಾಲ್ಕು ತಾಸು. ಪಗಾರ ಇಲ್ಲವೆಂದು ಕೇಳಿ ಬಾಳು, ಹಾಗಾದರೆ ಅದೂ ನಮ್ಮ ಗಣಪತಿ ಹಬ್ಬದ ಬಂದೋಬಸ್ತಿನಂಥ ಪುಕ್ಕಟೆ ಕೆಲಸವೇ ಎಂದು ಮರಾಠಿಯಲ್ಲಿ ಗೊಣಗಿದ.

ಫೆಬ್ರವರಿ 3ರಂದು ಅವರ ಚರ್ಚಾಪುಟದಲ್ಲಿ ಹೊಸ ಖಾತೆಯಿಂದ ಒಂದು ಸಾಲು ಬಂತು: ನಿಮ್ಮ ಬಾಗಿಲು ನನಗೆ ಗೊತ್ತು. ಹುಡುಗಾಟವೆಂದು ಅಳಿಸಿಹಾಕಿದರು. 6ನೇ ತಾರೀಖು ಬೆಳಿಗ್ಗೆ ಬಾಗಿಲಿಗೆ ನೇತುಹಾಕಿದ ಹಾಲಿನ ಚೀಲದಲ್ಲಿ, ಪಾಕೀಟಿನ ಜೊತೆಗೆ ಒಂದು ಮುದ್ರಿಸಿದ ಫೋಟೋ ಸಿಕ್ಕಿತು. ಅವರದೇ ಬಾಗಿಲಿನ ಫೋಟೋ. 10ರಂದು ಬ್ಯಾಂಕಿಗೆ ಹೋಗಿ ಹನ್ನೆರಡೂವರೆಗೆ ಮರಳಿದಾಗ ಅಡುಗೆಮನೆ ಕಟ್ಟೆಯ ಮೇಲೆ ಇನ್ನೊಂದು ಫೋಟೋ ಇತ್ತು. ಕಾಯಿಪಲ್ಲೆ ಅಂಗಡಿಯಲ್ಲಿ ಬಗ್ಗಿ ಮೆಂತ್ಯೆ ಸೂಡು ಆರಿಸುತ್ತಿದ್ದ ನರ್ಮದಾ, ಹಿಂದಿನಿಂದ ತೆಗೆದದ್ದು. ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿತ್ತು: ಭಾಳ ಛಂದ ಬಂದದ.

11 ಗಂಟೆ 25ಕ್ಕೆ ಎಫ್‌ಐಆರ್ ದಾಖಲಾಯಿತು. ಮನೆಯೊಳಗೆ ಅತಿಕ್ರಮ ಪ್ರವೇಶ, ಅನಾಮಧೇಯ ಬೆದರಿಕೆ, ಹೆಂಗಸನ್ನು ಹಿಂಬಾಲಿಸುವುದು. ಆರೋಪಿ ಅಪರಿಚಿತ.

ಮಧ್ಯಾಹ್ನ ಫ್ಲಾಟಿನಲ್ಲಿ ಪಂಚನಾಮೆ ನಡೆಯಿತು. ಪಂಚರು ಪಕ್ಕದ ಮನೆಯವರು ಮತ್ತು ಸೊಸೈಟಿಯ ಕಾರ್ಯದರ್ಶಿ. ಬೀಗ ಮುರಿದಿಲ್ಲ. ಕೆಲಸದವಳಿಗಾಗಿ ಒಂದು ಚಾವಿ ಯಾವಾಗಲೂ ಹಾಲಿನ ಚೀಲದ ತಳದಲ್ಲಿ ಇರುತ್ತಿತ್ತು. ಈಗಲೂ ಅಲ್ಲಿಯೇ ಇತ್ತು. ಬಂದವರು ತೆಗೆದು, ಬಳಸಿ, ತಿರುಗಿ ಇಟ್ಟು ಹೋಗಿದ್ದರು. ಪೊಲೀಸರು ಲಿಫ್ಟಿನ ಕ್ಯಾಮೆರಾ ನೋಡಿದರು. ನಿವಾಸಿಗಳು, ಕೆಲಸದವರು, ಹಾಲಿನವ. ಪರಕೀಯರು ಯಾರೂ ಕಾಣಲಿಲ್ಲ.

ಸಂಶಯ ಯಾರ ಮೇಲೆ ಎಂಬುದಕ್ಕೆ ನರ್ಮದಾ ಹಿಂದೆಮುಂದೆ ನೋಡಿ ಒಂದು ಹೆಸರು ಹೇಳಿದರು. ಲತೇಶ್ ಸುವರ್ಣ, ಪಕ್ಕದ ಹಿಂಜವಡಿಯಲ್ಲಿ ಕೆಲಸ, ಉಡುಪಿ ಕಡೆಯವ. ತನ್ನ ದೊಡ್ಡಪ್ಪನ ಹೋಟೆಲಿನ ಬಗ್ಗೆ ಅವನು ಬರೆದ ಪುಟವನ್ನು, ಆಧಾರ ಇಲ್ಲವೆಂದು ನರ್ಮದಾ ಅಳಿಸಲು ಸೂಚಿಸಿದ್ದರು. ಅವನು ಚರ್ಚೆಯಲ್ಲಿ, ನಿಮ್ಮನ್ನು ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದ.

ಸಂಜೆ ಐದಕ್ಕೆ ಲತೇಶ್ ಠಾಣೆಗೆ ಬಂದ. ಹೆಲ್ಮೆಟ್ ತೊಡೆಯ ಮೇಲಿಟ್ಟು ಕೂತ.

"ನೋಡ್ಕೋತೀನಿ ಅಂದ್ರ ಏನು ಅರ್ಥ?"

"ವಾದದಲ್ಲಿ ಸರ್. ಆಧಾರ ಹುಡುಕಿ ತಂದು ನೋಡಿಕೊಳ್ಳುತ್ತೇನೆ ಅಂತ. ನಾವು ಅಲ್ಲಿ ದಿನಾ ಹೀಗೇ ಬೈದುಕೊಳ್ಳುವುದು ಮಾರಾಯ್ರೆ. ಆಮೇಲೆ ಅವರೇ ನನ್ನ ಬೇರೆ ಪುಟ ತಿದ್ದಿ ಕೊಟ್ಟಿದ್ದಾರೆ."

"ನಿನ್ನೆ ಹನ್ನೊಂದಕ್ಕೆ ಎಲ್ಲಿದ್ರಿ?"

"ಆಫೀಸಲ್ಲಿ."

ಆಫೀಸಿನ ಕಾರ್ಡ್ ದಾಖಲೆ, ಕ್ಯಾಮೆರಾ ಎರಡೂ ಹೌದೆಂದವು. ಬಿಡುವ ಮೊದಲು ಸಿದ್ರಾಮಪ್ಪ ಅವನ ಮುಂದೆಯೇ ಕಂಪ್ಯೂಟರ್ ಇಟ್ಟು, ಗುರುತಿಲ್ಲದ ಒಬ್ಬನಿಗೆ ಈ ಬಾಗಿಲು ಹೇಗೆ ಸಿಗುತ್ತದೆ ಎಂದು ಕೇಳಿದರು. ಲತೇಶ್ ಎರಡು ನಿಮಿಷದಲ್ಲಿ ತೋರಿಸಿದ. ಹೊಸ್ತಿಲ ರಂಗೋಲಿಯ ಪುಟಕ್ಕೆಂದು ನರ್ಮದಾ ತಮ್ಮ ಬಾಗಿಲಿನದೇ ಫೋಟೋ ಹಾಕಿದ್ದರು. ಹೆಸರಿನ ಫಲಕ ಓದಲು ಬರುತ್ತಿತ್ತು. ಪಕ್ಕದಲ್ಲಿ ಹಾಲಿನ ಚೀಲ. ಕೆಳಗೆ ಒಂದು ನಕ್ಷೆ, ಅದರಲ್ಲಿ ಕೆಂಪು ಚುಕ್ಕೆ. ಎಲ್ಲಿ ನಿಂತು ತೆಗೆದದ್ದು ಎಂಬುದನ್ನು ಫೋನು ತಾನೇ ಬರೆದುಕೊಳ್ಳುತ್ತದೆ ಎಂದ.

ಹಳೇ ಗುಡಿ, ಬಾವಿಗಳಿಗೆ ಅದು ಉಪಯೋಗವೆಂದು ನರ್ಮದಾ ಎಂದೂ ಅದನ್ನು ಬಂದ್ ಮಾಡಿರಲಿಲ್ಲ.

ಖಾತೆ ಯಾರದೆಂದು ಕೇಳಿ ಪತ್ರ ಹೋಯಿತು. ಉತ್ತರಕ್ಕೆ ವಾರಗಳು ಬೇಕು. ನರ್ಮದಾ ಹೊಸ ಬೀಗ ಹಾಕಿಸಿ, ಹಾಲು ಬಂದ್ ಮಾಡಿದರು, ಕೆಲಸದವಳನ್ನೂ ಬೇಡವೆಂದರು. ಮಹಿಳಾ ಕಾನ್‌ಸ್ಟೆಬಲ್ ಅಂಬಾ ತನ್ನ ನಂಬರು ಕೊಟ್ಟಿದ್ದಳು. ಬುಧವಾರ ಒಂದೇ ದಿನ ಮೂರು ಸಲ ಫೋನು. ಒಮ್ಮೆ ಲಿಫ್ಟು ತಮ್ಮ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು, ಯಾರೂ ಹೊರಗೆ ಬರಲಿಲ್ಲ ಎಂದು. ಅಂಬಾ ಹೋಗಿ ನೋಡಿದಳು. ಮೇಲಿನ ಮನೆಯ ಕೂಸು ಎಲ್ಲ ಗುಂಡಿ ಒತ್ತಿತ್ತು. ನರ್ಮದಾ ನಗಲಿಲ್ಲ. ಅವರು ಎರಡು ದಿನದಿಂದ ಸ್ನಾನಕ್ಕೂ ಬಾತ್‌ರೂಮಿನ ಬಾಗಿಲು ಹಾಕಿಕೊಂಡಿರಲಿಲ್ಲ. ನೀರಿನ ಸಪ್ಪಳದಲ್ಲಿ ಚಾವಿ ತಿರುಗಿದ್ದು ಕೇಳಿಸದಿದ್ದರೆ ಎಂದು.

ಫೆಬ್ರವರಿ 13, ಗುರುವಾರ. ಸಿದ್ರಾಮಪ್ಪ ಹೇಳಿಕೆಯನ್ನು ಮೂರನೇ ಸಲ ಓದಿದರು. ಬೆದರಿಸುವವರು ಏನಾದರೂ ಕೇಳುತ್ತಾರೆ: ದುಡ್ಡು, ಮಾಫಿ, ಇಲ್ಲವೇ ಬಾಯಿ ಮುಚ್ಚು ಅಂತ. ಇಲ್ಲಿ ಏನೂ ಕೇಳಿರಲಿಲ್ಲ. ತಲೆಕೆಟ್ಟವನಿರಬೇಕೆಂದು ಬಾಳು ಹೇಳಿದ.

"ಏನೂ ಕೇಳದವ ಮೊದಲ ಕೇಳಿ ಆಗಿರ್ತಾನ," ಎಂದರು ಸಿದ್ರಾಮಪ್ಪ. "ಇಲ್ಲ ಅನಿಸ್ಕೊಂಡಿರ್ತಾನ."

ನರ್ಮದಾರನ್ನು ಕರೆಸಿ, ಭಾಳ ಛಂದ ಬಂದದ ಎಂಬ ಮಾತು ಯಾರದು ಎಂದು ವಿಚಾರಿಸಿದರು. ಧಾರವಾಡದಲ್ಲಿ ಎಲ್ಲರದೂ ಎಂದರು ಅವರು. ಆದರೆ ವಿಶ್ವಕೋಶದ ಚರ್ಚೆಯಲ್ಲಿ ಉಳಿದವರು ಪುಸ್ತಕದ ಕನ್ನಡ ಬರೆಯುತ್ತಾರೆ. ಮಾತಾಡಿದಂತೆ ಬರೆಯುವವರು ನರ್ಮದಾ ಒಬ್ಬರೇ. ಅಲ್ಲಿ ಬರೆದ ಒಂದು ಅಕ್ಷರವೂ ಕಳೆದುಹೋಗುವುದಿಲ್ಲ, ಠಾಣೆಯ ಡೈರಿಯಂತೆ ತಾಸು ನಿಮಿಷ ಸಮೇತ ಉಳಿದಿರುತ್ತದೆ. ಹುಡುಕಿದಾಗ ಆ ಮಾತು ಒಂದೇ ಕಡೆ ಸಿಕ್ಕಿತು. 2024ರ ನವೆಂಬರ್ 19, ಪುಣೆ ಆಚೆಯ ಭೋರ್ ಊರಿನ ಪೇಟೆಯ ಫೋಟೋದ ಚರ್ಚಾಪುಟ.

ಯಾರೋ ಬರೆದಿದ್ದರು: ಎಡಗಡೆ ಹಸಿರು ಸೀರೆ ಉಟ್ಟ ಹೆಂಗಸಿನ ಮುಖ ಕಾಣುತ್ತದೆ, ದಯವಿಟ್ಟು ಫೋಟೋ ತೆಗೆದುಹಾಕಿ. ನರ್ಮದಾರ ಉತ್ತರ: ಸಾರ್ವಜನಿಕ ಜಾಗದಾಗ ತೆಗೆದದ್ದು, ನಿಯಮದ ಪ್ರಕಾರ ಅದ. ಭಾಳ ಛಂದ ಬಂದದ, ಯಾಕ ತೆಗೀಬೇಕ್ರಿ? ಐದು ದಿನ ಬಿಟ್ಟು ಅದೇ ವ್ಯಕ್ತಿ: ಕಾರಣ ಬರೆಯಲಾರೆ, ಕೈ ಮುಗಿಯುತ್ತೇನೆ. ಅದಕ್ಕೆ ಜ್ಯೋತ್ಸ್ನಾ ಎಂಬ ಇನ್ನೊಬ್ಬ ಸ್ವಯಂಸೇವಕಿ, ಕಾರಣವಿಲ್ಲದೆ ತೆಗೆಯಲಾಗದು ಎಂದು ಚರ್ಚೆ ಮುಗಿಸಿದ್ದರು. ಜ್ಯೋತ್ಸ್ನಾಗೆ ನರ್ಮದಾ ಧನ್ಯವಾದ ಹೇಳಿದ್ದರು.

"ಇಷ್ಟಕ್ಕ ಯಾರಾದ್ರೂ ಮನಿ ಹೊಗ್ತಾರೇನ್ರಿ?" ಎಂದರು ನರ್ಮದಾ.

ಸಿದ್ರಾಮಪ್ಪ ಹಸಿರು ಸೀರೆಯ ಮುಖವನ್ನು ದೊಡ್ಡದು ಮಾಡಿ ಮುದ್ರಿಸಲು ಹೇಳಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಜೀಪು ಭೋರಿಗೆ ಹೊರಟಿತು. ಫೋಟೋದಲ್ಲಿದ್ದ ಮೆಣಸಿನಕಾಯಿ ಅಂಗಡಿಯವ ಅದೇ ಜಾಗದಲ್ಲಿ ಕೂತಿದ್ದ. ಗುರುತು ಹಿಡಿಯಲು ಮೊದಲು ಒಪ್ಪಲಿಲ್ಲ. ಬಾಳು ಚಹಾ ತರಿಸಿ ಮಾತಿಗೆಳೆದ ಮೇಲೆ ಹೇಳಿದ: ಸರೋಜಾ ಎಂದು ಕರೆಯುತ್ತಿದ್ದರು, ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಡಿಸೆಂಬರ್ ಮೊದಲ ವಾರ ಕರ್ನಾಟಕದ ಗಾಡಿಯಲ್ಲಿ ಇಬ್ಬರು ಬಂದು, ಮೊಬೈಲಿನಲ್ಲಿ ಇದೇ ಫೋಟೋ ತೋರಿಸಿ, ಈಕೆ ಎಲ್ಲಿ ಸಿಗುತ್ತಾಳೆಂದು ಕೇಳಿದರು. ಅವನು ಹಾಸ್ಟೆಲಿನ ದಾರಿ ತೋರಿಸಿದ್ದ. ಪೊಲೀಸರು ಬಂದದ್ದು ಆ ತಪ್ಪಿಗಾಗಿಯೇ ಎಂದು ಈಗ ಅವನಿಗೆ ಹೆದರಿಕೆ.

ಹಾಸ್ಟೆಲಿನಲ್ಲಿ ಅವಳ ಟ್ರಂಕು ಇನ್ನೂ ಇತ್ತು. ಆ ಇಬ್ಬರು ಬಂದ ದಿನ ಹಿತ್ತಲ ಬಾಗಿಲಿಂದ ಚಪ್ಪಲಿ ಸಹ ಇಲ್ಲದೆ ಹೋದಳೆಂದು ಮೇಲ್ವಿಚಾರಕಿ ಹೇಳಿದರು.

ಮೂರೂವರೆಗೆ ಜೀಪು ವಾಕಡಕ್ಕೆ ಮರಳಿತು. ಸೊಸೈಟಿಯ ಗೇಟಿನಲ್ಲಿ ಬಾಳು ವಾಚ್‌ಮನ್‌ಗೆ ಫೋಟೋ ತೋರಿಸಿದ. ಅವನು ತಟ್ಟನೆ ಹೇಳಿದ: ಬಿ ವಿಂಗ್, ಆರುನೂರಾ ನಾಲ್ಕಕ್ಕೆ ಚಪಾತಿ ಮಾಡಲು ಬರುವ ಹೆಂಗಸು. ಜನವರಿಯಿಂದ ಬರುತ್ತಾಳೆ. ಈಗ ಮೇಲೆಯೇ ಇದ್ದಾಳೆ.

ನರ್ಮದಾ ಕೆಳಗೆ ಬಂದು, ದೊಡ್ಡದು ಮಾಡಿದ ಆ ಮುಖವನ್ನು ಮೊದಲ ಸಲ ನೋಡಿದರು.

"ಲಿಫ್ಟಿನಾಗ ಎಷ್ಟೋ ಸಲ ಜೋಡಿ ಬಂದೀವ್ರಿ. ನಾನು ಫೋನಿನಾಗ ಕನ್ನಡ ಮಾತಾಡೂ ಮುಂದ ಆಕಿ ನೆಲಾ ನೋಡ್ತಿದ್ಲು."

4 ಗಂಟೆ 50 ನಿಮಿಷಕ್ಕೆ ಅಂಬಾ 604ರ ಅಡುಗೆಮನೆಯಲ್ಲಿ ಅವಳನ್ನು ಬಂಧಿಸಿದಳು. ಕೈ ತುಂಬ ಹಿಟ್ಟು. ಓಡಲಿಲ್ಲ. ಬೆನ್ನನ್ನು ಗೋಡೆಗೆ ಒತ್ತಿ, ನೀವು ನಿಜವಾದ ಪೊಲೀಸರೇ, ಯಾರು ಕಳಿಸಿದರು ಎಂದು ಮರಾಠಿಯಲ್ಲಿ ಕೇಳಿದಳು. ಅಂಬಾ ಗುರುತಿನ ಚೀಟಿ ತೋರಿಸಿದಳು. ಅದನ್ನು ಎರಡೂ ಬದಿ ತಿರುಗಿಸಿ ನೋಡಿದ ಮೇಲೆ ಅವಳು ಒಲೆ ಆರಿಸಿದಳು.

ನಿಜವಾದ ಹೆಸರು ತ್ರಿವೇಣಿ, ವಯಸ್ಸು ಮೂವತ್ನಾಲ್ಕು, ಬೈಲಹೊಂಗಲ ಕಡೆಯವಳು. ಬಿ.ಎ. ಓದಿದ್ದಾಳೆ. ಠಾಣೆಯಲ್ಲಿ ಸಿದ್ರಾಮಪ್ಪ ಕನ್ನಡದಲ್ಲೇ ವಿಚಾರಿಸಿದರು.

"ಮನಿ ಹ್ಯಾಂಗ ಸಿಕ್ತು?"

"ಬಾಗಿಲ ಫೋಟೋದ ಕೆಳಗ ನಕ್ಷಾ ಇತ್ತು. ಒತ್ತಿದೆ."

"ಚಾವಿ?"

"ಚೀಲದಾಗ ಕೈ ಹಾಕಿದೆ. ಸಿಕ್ತು."

"ಒಳಗ ಏನ್ ಮಾಡಿದ್ರಿ?"

"ಫೋಟೋ ಇಟ್ಟೆ. ಒಂದ್ ನಿಮಿಷ ನಿಂತೆ. ಮನಿ ಭಾಳ ಸ್ವಚ್ಛ ಇಟ್ಟಾರ."

"ಅವರು ನಿಮಗೇನು ಕೆಟ್ಟದ್ದು ಮಾಡಿದ್ರು?"

ತ್ರಿವೇಣಿ ಎಡಗೈ ಮೇಜಿನ ಮೇಲಿಟ್ಟಳು. ಮಣಿಕಟ್ಟು ತಿರುಗುತ್ತಿರಲಿಲ್ಲ.

"ಗಂಡ ಎರಡ ಸಲ ಹುಡುಕಿ ತಗದಾನ್ರಿ. ಇದು ಎರಡನೇ ಸಲದ್ದು. ಭೋರಿನಾಗ ಮೂರು ವರ್ಷ ಯಾರಿಗೂ ಗೊತ್ತಿರಲಿಲ್ಲ. ಫೋಟೋ ತೆಗೀರಿ ಅಂತ ಕೈ ಮುಗುದೆ. ಕಾರಣ ಹೇಳು ಅಂದ್ರು. ಕಾರಣ ಬರದ್ರ, ನಾನು ಇಲ್ಲೇ ಅದೀನಿ ಅಂತ ನಾನ ಬರದಂಗ. ಎಲ್ಲಾರೂ ಓದೂ ಜಾಗ ಅದು." ಕೈ ಸೆರಗಿನೊಳಗೆ ಎಳೆದುಕೊಂಡು ಹೇಳಿದಳು: "ನನ್ನ ಬಾಗಿಲು ಯಾರಿಗೋ ಗೊತ್ತದ ಅಂತ ಅಂಜಿಕೊಂಡು ಮಲಗೂದು ಹ್ಯಾಂಗಿರ್ತದ, ಆಕಿಗೂ ಒಂದ್ ವಾರ ತಿಳೀಲಿ ಅಂತ."

ಹೊರಗಿನ ಬೆಂಚಿನಲ್ಲಿ ನರ್ಮದಾ ಕೂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಅವರು ಅಲ್ಲಿಯೇ ಫೋನು ತೆಗೆದು ಭೋರ್ ಪೇಟೆಯ ಫೋಟೋ ಅಳಿಸಲು ಕೋರಿಕೆ ಹಾಕಿದರು. ಕಾರಣದ ಜಾಗದಲ್ಲಿ, ತೆಗೆದದ್ದು ನಾನೇ, ತಪ್ಪು ನನ್ನದು ಎಂದಷ್ಟೇ ಬರೆದರು. ಹತ್ತು ನಿಮಿಷಕ್ಕೆ ಜ್ಯೋತ್ಸ್ನಾ, ಯಾವ ತಪ್ಪು ಎಂದು ಚರ್ಚೆಯಲ್ಲಿ ಕೇಳಿದರು. ನಿಯಮದಂತೆ ಚರ್ಚೆ ಏಳು ದಿನ ತೆರೆದಿರಬೇಕು. ಅಲ್ಲಿಯವರೆಗೆ ಫೋಟೋ ಅಲ್ಲಿಯೇ ಇರುತ್ತದೆ.

ಬಂಧಿತರ ಹೆಸರು ಇಪ್ಪತ್ನಾಲ್ಕು ತಾಸಿನಲ್ಲಿ ಇಲಾಖೆಯ ವೆಬ್‌ಸೈಟಿಗೆ ಹೋಗುವುದು ರೂಢಿ. ಸಿದ್ರಾಮಪ್ಪ ಮೊದಲು ಅದನ್ನು ತಡೆಯಲು ಅನುಮತಿ ಕೋರಿ ಮೇಲಧಿಕಾರಿಗೆ ಪತ್ರ ಬರೆದು, ಬಾಳುವಿನ ಕೈಯಲ್ಲೇ ಕಳಿಸಿದರು. ಹಿಂಬಾಲಿಸಿದ ಆರೋಪ ಕಾನೂನಿನ ಪ್ರಕಾರ ಗಂಡಸರಿಗಷ್ಟೇ ಅನ್ವಯಿಸುವುದರಿಂದ ಕೈಬಿಟ್ಟರು. ಉಳಿದವು ಜಾಮೀನು ಸಿಗುವ ಅಪರಾಧ. ಹೆದರುವ ಕಾರಣವಿಲ್ಲ, ಇವತ್ತು ಸಂಜೆಯೇ ಹೊರಗೆ ಹೋಗಬಹುದು ಎಂದು ಅವರು ತ್ರಿವೇಣಿಗೆ ತಿಳಿಸಿ ಹೇಳಿದರು.

ಅವಳು ಕಿಟಕಿಯಾಚೆ ರಸ್ತೆ ನೋಡಿದಳು. ಆಫೀಸು ಬಿಟ್ಟ ಹೊತ್ತು, ಗಾಡಿಗಳು ಸಾಲಾಗಿ ನಿಂತಿದ್ದವು.

"ಸಾಹೇಬ್ರ, ಒಳಗ ಇಟ್ಕೊಳ್ಳಾಕ ಬರ್ತದೇನ್ರಿ?"

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸಿದ್ರಾಮಪ್ಪನವರಿಗೆ ಜಾಮೀನು ಬೇಡವೆಂದವರು ಸಿಕ್ಕಿರಲಿಲ್ಲ. ಅವರು ಅಂಬಾಳಿಗೆ ಪೊಲೀಸ್ ಬಟ್ಟೆ ಬದಲಿಸಿ ಬರಲು ಹೇಳಿದರು. 6 ಗಂಟೆ 35ಕ್ಕೆ ಇಬ್ಬರು ಹೆಂಗಸರು ಹಿಂದಿನ ಗೇಟಿನಿಂದ ರಿಕ್ಷಾ ಹತ್ತಿದರು. ಆರೋಪಿಯನ್ನು ಜಾಮೀನಿನ ಮೇಲೆ ಬಿಟ್ಟದ್ದನ್ನು ಡೈರಿಯಲ್ಲಿ ಸಿದ್ರಾಮಪ್ಪ ತಮ್ಮ ಕೈಯಿಂದಲೇ ಬರೆದರು. ಎಲ್ಲಿಗೆ ಹೋದಳು ಎಂಬ ಕಡೆ ಏನೂ ಬರೆಯಲಿಲ್ಲ.