ಅಂಚಿನಲ್ಲಿದ್ದ ಅಪ್ಪ

“ನಮ್ಮಪ್ಪನ್ನ ಕತ್ತರಿಸಿ ಬಿಸಾಕಿದ್ದೀರಲ್ರೀ!”

ಅವಳು ಗ್ರಂಥವನ್ನು ಕುಕ್ಕಿದ ರಭಸಕ್ಕೆ ಬೈಂಡರ್‌ನ ಮೇಜಿನ ಮೇಲಿದ್ದ ಗೋಂದಿನ ಡಬ್ಬಿ ಉರುಳಿತು.

ಹೊಸ ರಟ್ಟು, ಹೊಸ ಹೊಲಿಗೆ. ಆದರೆ ತೀರಿಕೊಂಡ ಅಪ್ಪ ಪುಟದಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದ ಸಾಲುಗಳು... ಒಂದೂ ಇಲ್ಲ! ಕಟಿಂಗ್ ಮಷೀನಿನ ಬ್ಲೇಡು ಎಲ್ಲವನ್ನೂ ನುಂಗಿತ್ತು.

“ಅಂಚು ಸಮ ಮಾಡೋದೇ ನನ್ನ ಕೆಲಸ ಮೇಡಂ. ಬರಹ ಇದೆ ಅಂತ ಮೊದಲೇ ಹೇಳ್ಬೇಕಿತ್ತು!” ಬೈಂಡರ್ ಸಿಡುಕಿದ.

“ನಿಮಗೆ ಕಣ್ಣಿರಲಿಲ್ವಾ? ಈ ಬೋಳು ಪುಸ್ತಕ ನೀವೇ ಇಟ್ಕೊಳ್ಳಿ!”

ಈ ಮನುಷ್ಯನ ಮುಖ ಈ ಜನ್ಮದಲ್ಲಿ ನೋಡಬಾರದು! ಅಳುತ್ತಲೇ ಹೊರಟುಹೋದಳು.

ದಿನಾ ಬೆಳಿಗ್ಗೆ ತನ್ನ ಔಷಧಿ ಅಂಗಡಿ ತೆರೆಯುವ ಮುಂಚೆ ಅವಳು ಗ್ರಂಥದ ಒಂದು ಪುಟ ಓದುತ್ತಿದ್ದಳು. ಅಪ್ಪನಿಗೆ ಆ ಗ್ರಂಥ ಹಳೇ ರಾಜರ ಕಥೆಯಾಗಿರಲಿಲ್ಲ. ಶತ್ರು ಕೋಟೆ ಮುತ್ತಿದ ಸಾಲುಗಳ ಪಕ್ಕ, ‘ಕೋಟೆ ನನ್ನ ಎದೆ, ಶತ್ರು ನನ್ನ ಜಂಬ’ ಎಂದು ಬರೆದಿದ್ದ. ಈಗ ಅವಳ ಬೆಳಗುಗಳು ಬಿಕೋ ಎನ್ನುತ್ತಿದ್ದವು.

ಇಪ್ಪತ್ತು ದಿನ ಕಳೆದಿರಬೇಕು. ಬೈಂಡರ್‌ನ ಅಕ್ಕ ಔಷಧಿ ಅಂಗಡಿಗೆ ಬಂದಳು.

“ತಲೆನೋವಿನ ಮಾತ್ರೆ ಕೊಡಮ್ಮ. ನನ್ನ ತಮ್ಮ ಕಸದ ಮೂಟೆ ಸುರಿದುಕೊಂಡು ನಿನ್ನ ಪುಸ್ತಕದ ಚೂರು ಹುಡುಕ್ತಾ ಕೂತಿದ್ದಾನೆ. ಮಾತಾಡಿಸಿದ್ರೆ ಬರೀ ಹ್ಞೂಂ, ಹ್ಞೂಂ! ಎಮ್ಮೆ ಸಾಕಿದ್ರೂ ಇದಕ್ಕಿಂತ ಜಾಸ್ತಿ ಮಾತಾಡ್ತಿತ್ತು!”

ಮಧ್ಯಾಹ್ನ ಅಂಗಡಿ ಮುಚ್ಚಿದವಳೇ ಅವಳು ಬೈಂಡರ್ ಬಳಿ ಓಡಿದಳು.

ಕೂದಲೆಳೆಯಷ್ಟು ತೆಳ್ಳಗಿನ ಕಾಗದ ಅಂಟಿಸಿ, ಒಂದೊಂದೇ ಚೂರನ್ನು ಅದರದರ ಪುಟಕ್ಕೆ ಸೇರಿಸಿದ್ದ. ಅಪ್ಪನ ಅಕ್ಷರ! ಅಪ್ಪ!

“ಯಾವ ಚೂರು ಯಾವ ಪುಟದ್ದು ಅಂತ ತಿಳಿಯೋಕೆ ಇಡೀ ಗ್ರಂಥ ಓದ್ಬೇಕಾಯ್ತು,” ಎಂದ ತಲೆ ಎತ್ತದೆ. “ಒಂದು ಕಡೆ ಪ್ರವಾಹ ಬರುತ್ತೆ. ನಿಮ್ಮಪ್ಪ ಬರೆದಿದ್ದಾರೆ, ‘ಪ್ರವಾಹ ನನ್ನ ಸಿಟ್ಟು. ದೋಣಿ ಅಂದರೆ, ಒಂದು ಕ್ಷಣ ಬಾಯಿ ಮುಚ್ಚಿಕೊಂಡಿರುವುದು.’ ಕೆನ್ನೆಗೆ ಬಾರಿಸಿದ ಹಾಗಾಯ್ತು...”

ಅವನು ಗೋಂದಿನ ಕುಂಚ ಕೆಳಗಿಟ್ಟ.

“ಅವತ್ತು ಸುಳ್ಳು ಹೇಳಿದೆ. ಬರಹ ನಾನು ನೋಡಿದ್ದೆ. ಯಾರೋ ಗೀಚಿದ್ದು ಅಂದ್ಕೊಂಡು ಬ್ಲೇಡ್ ಇಳಿಸಿಬಿಟ್ಟೆ. ತಪ್ಪು ನಂದು, ಕೂಗಾಡಿದ್ದೂ ನಾನೇ. ಹೇಳ್ದೆ ಇದ್ರೆ ಓದಿದ್ದೆಲ್ಲ ದಂಡ ಅನ್ನಿಸ್ತು.”

ಬಾಯಿಗೆ ಬಂದ ಬೈಗುಳವನ್ನು ಅವಳು ನುಂಗಿಕೊಂಡಳು. ನೋಡಿದ್ದನಂತೆ... ಆದರೂ ತಾನಾಗಿಯೇ ಹೇಳಿದನಲ್ಲ!

“ಕಡೇ ಪುಟದ ಚೂರು ಮಾತ್ರ ಸಿಗಲೇ ಇಲ್ಲ ಮೇಡಂ. ಅಲ್ಲಿ ಖಾಲಿ ಕಾಗದ ಅಂಟಿಸಿದ್ದೀನಿ.”

“ಅಯ್ಯೋ... ಅಲ್ಲೀತನಕ ನಾನಿನ್ನೂ ಓದೇ ಇಲ್ಲ. ಅಪ್ಪ ಏನು ಬರೆದಿದ್ರೋ ಇನ್ನು ಗೊತ್ತಾಗಲ್ಲ.” ಕಣ್ಣೊರೆಸಿಕೊಂಡು ಕೇಳಿದಳು, “ಅಲ್ಲಿ ಏನಾಗುತ್ತೆ?”

“ಅಲೆದು ಸುಸ್ತಾದ ರಾಜ ವಾಪಸ್ ಬರ್ತಾನೆ. ಊರಿನ ಬಾಗಿಲು ತೆರೆಯುತ್ತೆ.”

“ನಿಮಗೇನನ್ಸುತ್ತೆ?”

“ಆ ಬಾಗಿಲು ಒಳಗಿನಿಂದಲೇ ತೆಗೀಬೇಕು. ಒದ್ದರೆ ಮುರಿಯುತ್ತೆ ಅಷ್ಟೇ.”

ಅವಳು ಪೆನ್ಸಿಲ್ ತೆಗೆದು ಅವನ ಕೈಗಿಟ್ಟಳು. “ಬರೀರಿ. ಅಲ್ಲೇ, ಅಂಚಲ್ಲಿ.”

ಬರೆದು ಮುಗಿಸಿದವನು ಮೆಲ್ಲಗೆ ಹೇಳಿದ, “ಚೂರು ಹುಡುಕ್ತಾ ದಿನಾ ನಿಮ್ಮನ್ನೇ ನೆನೆದೆ. ಈಗ ನೀವಂದ್ರೆ ನನಗೆ ಪ್ರಾಣ... ಆದ್ರೆ ನನ್ನ ಸಿಡುಕು ಇನ್ನೂ ಪೂರ್ತಿ ಹೋಗಿಲ್ಲ.”

“ನಂದೂ ಹೋಗಿಲ್ಲ,” ಎಂದಳು ನಾಚುತ್ತ. “ನಾಳೆ ಬೆಳಿಗ್ಗೆ ಬನ್ನಿ. ಇಬ್ರೂ ಕೂತು ಓದೋಣ.”