ಬಂಡಿ ಯಾವ ಕಡೆ ಹೋಯಿತು?

ಆ ಬುಧವಾರ ಸಂಜೆ ರಾಮದುರ್ಗದ ಮುನಸಿಪಾಲ್ಟಿ ತೋಟದಲ್ಲಿ ಇನ್ನೂರು ಜನ ಕುಳಿತಿದ್ದರು. ಅಷ್ಟೂ ಜನ ನನ್ನನ್ನೇ ಬೈದರು.

"ಸಾವಕ್ಕ ಎಲ್ಲಿ ಹೋದಳೋ ಕೃಷ್ಣಾಜಿ? ಬ್ಯಾರೆ ಸ್ಟೇಶನ್ ಹಚ್ಚೀಯೇನ ನೋಡ!"

ನಾನೇನು ಮಾಡಲಿ? ನಾನು ರೇಡಿಯೋ ಹಚ್ಚುವವನು, ನಾಟಕ ಬರೆಯುವವನಲ್ಲ. ಮುನಸಿಪಾಲ್ಟಿಯ ವಾಚನಾಲಯ ನೋಡಿಕೊಳ್ಳುವುದು, ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಹಿಟ್ಟಿನ ಗಿರಣಿಯಲ್ಲಿ ಚಾರ್ಜ್ ಮಾಡಿಸಿ ತರುವುದು, ಸಂಜೆಯಾದರೆ ತೋಟದಲ್ಲಿ ಊರಿಗೆಲ್ಲ ರೇಡಿಯೋ ಕೇಳಿಸುವುದು. ಇಷ್ಟು ನನ್ನ ನೌಕರಿ, ಅದೂ ಹಂಗಾಮಿ.

ಪ್ರತಿ ಬುಧವಾರ ಏಳು ಗಂಟೆಗೆ ಧಾರವಾಡದಿಂದ 'ಸಾವಕ್ಕನ ಖಾನಾವಳಿ' ಎಂಬ ನಾಟಕ ಬರುತ್ತಿತ್ತು. ಸಾವಕ್ಕ ರೊಟ್ಟಿ ಬಡಿಯುತ್ತ ಗಿರಾಕಿಗಳನ್ನು ಬೈಯುವುದನ್ನು ಕೇಳಲಿಕ್ಕೆ ಊರಿಗೆ ಊರೇ ಬರುತ್ತಿತ್ತು. ಆ ದಿನ ಮಾತ್ರ ಸಾವಕ್ಕನೂ ಇಲ್ಲ, ಖಾನಾವಳಿಯೂ ಇಲ್ಲ.

ಇದ್ದದ್ದು ಒಂದು ಎತ್ತಿನ ಬಂಡಿ. ಮರುದಿನದ ಮದುವೆಗೆ ಗಂಡಿನ ಊರಿಗೆ ಹೊರಟ ಒಬ್ಬ ಹುಡುಗಿ, ಕಿವಿ ಕೇಳದ ಒಬ್ಬ ಅಜ್ಜಿ, ಬಂಡಿ ಹೊಡೆಯುವ ಒಬ್ಬ ತರುಣ. ಅಪ್ಪ, ಕಾಕಾ ಎಲ್ಲ ಮುಂದಿನ ಬಂಡಿಗಳಲ್ಲಿ ಹೋಗಿಬಿಟ್ಟಿದ್ದಾರೆ. ಹಳ್ಳದಲ್ಲಿ ಎತ್ತಿಗೆ ನೀರು ಕುಡಿಸುವಾಗ ತರುಣ ಕೇಳುತ್ತಾನೆ, "ಬಂಡಿ ಹೊಳ್ಳಸಲೇನು?" ಹುಡುಗಿ ಮಾತಾಡುವುದಿಲ್ಲ. ಬಹಳ ಹೊತ್ತು ಮಾತಾಡುವುದಿಲ್ಲ. ಆಮೇಲೆ ಎತ್ತಿನ ಕೊರಳ ಗಂಟೆಗಳು ಕೇಳಿಸುತ್ತವೆ. ನಾಟಕ ಮುಗಿಯಿತು.

ಬಂಡಿ ಮುಂದೆ ಹೋಯಿತೋ, ಹಿಂದೆ ಹೊರಳಿತೋ? ಹೇಳಲೇ ಇಲ್ಲ. ರಾಮದುರ್ಗ ಎರಡು ಭಾಗವಾಯಿತು.

"ಹುಡುಗಿ ಒಲ್ಲೆ ಅಂದಳೇನು? ಇಲ್ಲ. ಅಂದಮ್ಯಾಲ ಬಂಡಿ ಮುಂದ ಹೋತು. ಇದರಾಗ ತಲಿ ಕೆಡಿಸಿಕೊಳ್ಳೋದೇನದ?" ಎಂದರು ನೀಲಕಂಠ ಪುರಾಣಿಕರು. ಸಂಸ್ಥಾನ ಇದ್ದಾಗ ಅರಮನೆಯಲ್ಲಿ ಪುರಾಣ ಹೇಳಿದವರು. ಸುಳ್ಳು ಆಡದವರೆಂದು ಹೆಸರು. ಅವರ ಮಾತಿಗೆ ಅರ್ಧ ತೋಟ ತಲೆದೂಗಿತು.

"ಇಲ್ರೀ ಪುರಾಣಿಕರ," ಎಂದು ಎದ್ದವನು ಬುರಾನಸಾಬ. ಮೂವತ್ತು ವರ್ಷ ಬಂಡಿ ಹೊಡೆದವನು. "ಬಂಡಿ ಹೊಳ್ಳುವಾಗ ಒಳಗಿನ ಎತ್ತು ನಿಂತಲ್ಲೇ ತಿರಗತೈತಿ, ಹೊರಗಿನ ಎತ್ತು ನಡೀತೈತಿ. ಮೊದಲ ಒಂದ ಗಂಟಿ ಬಾರಿಸ್ತು, ಆಮ್ಯಾಲ ಎರಡೂ. ಬಂಡಿ ಹೊಳ್ಳಿ ಬಂತ್ರೀ! ಕೃಷ್ಣಾಜಿ, ನೀ ಹತ್ತಿರ ಕುಂತಿದ್ದಿ. ಮೊದಲ ಒಂದ ಗಂಟಿನೋ ಎರಡೋ?"

ಇನ್ನೂರು ಮುಖ ನನ್ನ ಕಡೆ ತಿರುಗಿದವು. ಏನು ಹೇಳಲಿ? ನಾನು ಗಂಟೆಯನ್ನೇ ಕೇಳಿರಲಿಲ್ಲ.

ನಾನು ಕೇಳುತ್ತಿದ್ದದ್ದು ಗೋಡೆಯ ಆಚೆಯ ಬಾವಿಯನ್ನು.

ತೋಟದ ಹಿಂಗೋಡೆಗೆ ಹತ್ತಿಯೇ ಪುರಾಣಿಕರ ಹಿತ್ತಲು. ಬುಧವಾರ ಏಳಕ್ಕೆ ಸರಿಯಾಗಿ ಅವರ ಮಗಳು ನರ್ಮದಾ ನೀರು ಸೇದಲು ಬರುತ್ತಿದ್ದಳು. ಹೆಣ್ಣುಮಕ್ಕಳು ತೋಟದಲ್ಲಿ ಬಂದು ಕೂಡುವ ಕಾಲ ಅದಲ್ಲ. ರೇಡಿಯೋದ ದನಿ ಸಣ್ಣದಾದರೆ ಬಾವಿಯ ಹಗ್ಗದ ಗಡಗಡಿ ಎರಡು ಸಲ ಕಿರ್‌ಗುಟ್ಟುತ್ತಿತ್ತು. ನಾನು ದನಿ ಏರಿಸುತ್ತಿದ್ದೆ. ಎಂಟು ತಿಂಗಳಿಂದ ನಮ್ಮ ನಡುವೆ ನಡೆದ ದೊಡ್ಡ ಸಂಭಾಷಣೆ ಇಷ್ಟೇ.

"ನನ್ನ ಕಿವಿ ಮಂದ ಆಗ್ಯಾವ ಅಂತ ಕೃಷ್ಣಾಜಿ ದನಿ ಏರಸತಾನ. ಒಳ್ಳೆ ಹುಡುಗ," ಎಂದು ಪುರಾಣಿಕರು ನಾಲ್ಕು ಜನರ ಮುಂದೆ ಹೊಗಳುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ.

ಆ ಸಂಜೆ ಬಂಡಿಯವನು ಕೇಳಿದ ಗಳಿಗೆಯಲ್ಲಿ ಅವಳ ಹಗ್ಗ ಅರ್ಧಕ್ಕೇ ನಿಂತಿತ್ತು. ನಾಟಕ ಮುಗಿದರೂ ಕೊಡ ಮೇಲೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅಪ್ಪನ ಪುಸ್ತಕ ಬದಲಿಸುವ ನೆವದಲ್ಲಿ ನರ್ಮದಾ ವಾಚನಾಲಯಕ್ಕೆ ಬಂದಳು. ಕಿಟಕಿಯ ಬಿಸಿಲು ಅವಳ ಕಿವಿಯ ಬೆಂಡೋಲೆಗೆ ಬಿದ್ದು, ಅಲ್ಲಿಂದ ನನ್ನ ರಜಿಸ್ಟರಿನ ಮೇಲೆ ಕುಣಿಯುತ್ತಿತ್ತು. ನಾನು ಅವಳ ಹೆಸರನ್ನು ತಪ್ಪು ಸಾಲಿನಲ್ಲಿ ಬರೆದೆ.

"ಏನ್ರೀ ರೇಡಿಯೋದವರ, ಬಂಡಿ ಯಾವ ಕಡೆ ಹೋತು?"

"ನಾ ಕೇಳಲಿಲ್ರಿ."

"ರೇಡಿಯೋದ ಮುಂದ ಕೂತು ಕೇಳಲಿಲ್ಲ ಅಂದರ ಏನ ಮಾಡಲಿಕ್ಕೆ ಹತ್ತಿದ್ರಿ?"

ನಾನು ರಜಿಸ್ಟರಿನ ಹಾಳೆ ತಿರುವಿದೆ. ಅವಳು ತುಟಿ ಕಚ್ಚಿಕೊಂಡು ನಗು ತಡೆದಳು. ಗೊತ್ತಿದ್ದೇ ಕೇಳಿದ್ದಳು.

"ನನಗ ಆ ಬಂಡಿಯವನ ಮ್ಯಾಲೆ ಸಿಟ್ಟು," ಎಂದಳು. "ಒಂದ ಸಲ ಕೇಳಿ ಸುಮ್ಮನಾಗಿಬಿಟ್ಟ. ಎರಡನೇ ಸಲ ಕೇಳಿದ್ದರ ಆಕಿ ಹೇಳತಿದ್ದಳು."

"ಎರಡನೇ ಸಲ ಕೇಳಲಿಕ್ಕೆ ಬಂಡಿ ಅವಂದಲ್ಲರಿ. ಹುಡುಗೀನೂ ಅವಂದಲ್ಲ."

"ಹಂಗಾದರ ಒಂದ ಸಲನರ ಯಾಕ ಕೇಳಬೇಕು?"

"ತಡೀಲಿಕ್ಕೆ ಆಗಿರಲಿಕ್ಕಿಲ್ಲ."

ಅವಳು ಕಣ್ಣೆತ್ತಿ ನೋಡಿದಳು. ಒಮ್ಮೆ ನೋಡಿ, ರೆಪ್ಪೆ ಇಳಿಸಿ, ಮತ್ತೆ ನೋಡಿದಳು. "ಛಲೋ ಆತು. ಅವನಿಗೆ ತಡೀಲಿಕ್ಕೆ ಆಗಲಿಲ್ಲ. ಕೆಲವರು ಭಾಳ ಛಂದ ತಡಕೋತಾರ," ಎಂದಳು.

ನಾನೇ ಆ ಕೆಲವರು.

"ಗಂಡು ಸವದತ್ತಿ ಕಚೇರಿಯ ಕಾರಕೂನ," ಎಂದಳು ಪುಸ್ತಕದ ರಟ್ಟು ಸವರುತ್ತ. "ಅಮಾಸಿ ಆದಮ್ಯಾಲ ಮಾತು ಮುಗಸಲಿಕ್ಕೆ ಬರತಾರಂತ. ಅಪ್ಪ ನನ್ನ ಮುಂದ ಹೇಳಿದರು. ಕೇಳಲಿಲ್ಲ, ಹೇಳಿದರು."

ನಾವೂ ಪುರಾಣಿಕರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರೇ. ಆದರೆ ಹೆಣ್ಣಿನ ಕಡೆಯವರು ಗಂಡಿನ ಮನೆ ಹುಡುಕಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಗಂಡೇ ಹೋಗಿ ಕೇಳಿದರೆ ಹುಡುಗನಲ್ಲೇ ಏನೋ ಐಬಿದೆ ಎಂದು ಅರ್ಥ. ನನ್ನ ತಾಯಿ ಯಮುನಾಬಾಯಿ ನಾಲ್ಕು ಮನೆಯಲ್ಲಿ ಅಡಿಗೆ ಮಾಡಿ ನನ್ನನ್ನು ಓದಿಸಿದವಳು. ಹಂಗಾಮಿ ನೌಕರನ ಮನೆ ಹುಡುಕಿಕೊಂಡು ಯಾವ ಪುರಾಣಿಕರು ಬರುತ್ತಾರೆ? ನಾನು ಕೇಳುವಂತಿಲ್ಲ, ಅವಳು ಹೇಳುವಂತಿಲ್ಲ. ಇಬ್ಬರೂ ಒಂದು ರಜಿಸ್ಟರನ್ನು ನೋಡುತ್ತ ನಿಂತೆವು.

ಹೋಗುವಾಗ ಅವಳು ಪುಸ್ತಕದೊಳಗಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಧಾರವಾಡ ರೇಡಿಯೋದ ವಿಳಾಸ. ಕೆಳಗೆ ಕಳಿಸಿದವರ ಹೆಸರು, ನೀಲಕಂಠ ಪುರಾಣಿಕ, ರಾಮದುರ್ಗ.

"ಇದೇನ್ರಿ?"

"ಆ ನಾಟಕದ ಬಗ್ಗೆ ಬರದೀನಿ. ನನ್ನ ಹೆಸರು ರೇಡಿಯೋದಾಗ ಬಂದರ ನಾ ಮನ್ಯಾಗ ಉಳೀತೇನೇನು? ಅದಕ್ಕ ಅಪ್ಪನ ಹೆಸರು. ಕೇಳುಗರ ಪತ್ರ ಓದೋದು ಶುಕ್ರವಾರ. ಶುಕ್ರವಾರ ಸಂಜಿಕ ಅಪ್ಪ ಗುಡಿಯೊಳಗ ಪುರಾಣ ಹೇಳತಿರತಾರ. ಪೋಸ್ಟಿಗೆ ಹಾಕ್ರಿ. ಒಡದು ಓದಬ್ಯಾಡ್ರಿ."

ನಾನು ಓದಲಿಲ್ಲ. ಪೋಸ್ಟಿಗೆ ಹಾಕುವ ಮುನ್ನ ಲಕೋಟೆಯನ್ನು ಒಂದು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅದು ತಪ್ಪಾದರೆ ತಪ್ಪೇ.

ಎರಡು ಶುಕ್ರವಾರ ಕಳೆದವು. ರೇಡಿಯೋದಲ್ಲಿ ಆ ಪತ್ರ ಓದಲಿಲ್ಲ. ಅಮಾವಾಸ್ಯೆಯೂ ಕಳೆಯಿತು. ಬರುವ ಸೋಮವಾರ ಸವದತ್ತಿಯವರು ಬರುವುದು ಗಟ್ಟಿಯಾಯಿತು. ತೋಟದಲ್ಲಿ ಜಗಳ ಮಾತ್ರ ಆರಿರಲಿಲ್ಲ. ಬುರಾನಸಾಬ ತನ್ನ ಎತ್ತುಗಳ ಗಂಟೆ ತಂದು ಬಾರಿಸಿ ತೋರಿಸಿದ. "ಸುಮ್ಮನ ಕೂತ ಹುಡುಗಿ ಒಪ್ಪಿದ ಹುಡುಗೀನ," ಎಂದು ಪುರಾಣಿಕರು ಕಟ್ಟೆ ಗುದ್ದಿ ಹೇಳಿದರು.

ಆ ಸೋಮವಾರಕ್ಕೆ ಮೊದಲಿನ ಬುಧವಾರ ನಾನು ರೇಡಿಯೋ ಹಚ್ಚಿದೆ. ಗೋಡೆಯಾಚೆ ಕೊಡ ಬಾವಿಕಟ್ಟೆಗೆ ತಾಗಿದ ಸದ್ದು ಬಂತು. ರೇಡಿಯೋದಲ್ಲಿ ಹೆಂಗಸಿನ ದನಿ ಹೇಳಿತು: "ಬಂಡಿಯ ನಾಟಕದ ಬಗ್ಗೆ ಚೀಲಗಟ್ಟಲೆ ಪತ್ರಗಳು ಬಂದಿವೆ. ಆದ್ದರಿಂದ ಇಂದು ಖಾನಾವಳಿಗೆ ಮೊದಲು ಒಂದು ಪತ್ರ ಓದುತ್ತೇವೆ. ರಾಮದುರ್ಗದಿಂದ ನೀಲಕಂಠ ಪುರಾಣಿಕರು ಬರೆಯುತ್ತಾರೆ."

ನನ್ನ ಕೈ ರೇಡಿಯೋದ ಗುಂಡಿಯ ಮೇಲೆ ಹೋಯಿತು. ಆರಿಸಿಬಿಡಬೇಕಿತ್ತು. ಇನ್ನೂರು ಜನರ ಮುಂದೆ ಆರಿಸಿ ಏನು ಹೇಳಲಿ? ಗುಂಡಿ ತಿರುಗಿಸಲಿಲ್ಲ.

"'ಬಂಡಿ ಯಾವ ಕಡೆ ಹೋಯಿತೆಂದು ಎಲ್ಲರೂ ಕೇಳುತ್ತಿದ್ದಾರೆ. ಹುಡುಗಿಗೆ ಎಲ್ಲಿ ಹೋಗಬೇಕಿತ್ತೆಂದು ಯಾರೂ ಕೇಳಲಿಲ್ಲ. ಆಕೆಗೆ ಉತ್ತರ ಗೊತ್ತಿತ್ತು. ಆದರೆ ಕೇಳಿದವನಿಗೆ ಬಂಡಿ ಹೊರಳಿಸುವ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದ ತಂದೆ ಮುಂದಿನ ಬಂಡಿಯಲ್ಲಿದ್ದರು. ಅವರು ಕೆಟ್ಟವರಲ್ಲ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ, ಅಷ್ಟೇ.'"

ತೋಟದಲ್ಲಿ ನಗೆಯೋ ನಗೆ.

"ಏನ್ರೀ ಪುರಾಣಿಕರ! ಇಲ್ಲಿ ಒಂದು, ಧಾರವಾಡಕ್ಕ ಒಂದು?" ಎಂದು ಬುರಾನಸಾಬ ತೊಡೆ ತಟ್ಟಿದ. "ನಮ್ಮ ಕೂಡ ಜಗಳಾ ಆಡಿಕೋತ ಅಲ್ಲಿ ನಮ್ಮ ಕಡೆ ಬರದೀರಿ!"

ಪುರಾಣಿಕರು ಎದ್ದು ನಿಂತರು. ಮುಖ ಬೂದಿಯಾಗಿತ್ತು. ಗೋಡೆಯ ಕಡೆ ನೋಡಿದರು. ಆಚೆ ಅವರ ಮಗಳಿದ್ದಳು.

ಹೆಗಲ ಮೇಲಿನ ಶಲ್ಯ ಸರಿಪಡಿಸಿಕೊಂಡು, "ಹೌದು. ನಾನ ಬರದೀನಿ," ಎಂದರು.

ಅವರ ಬಾಯಿಂದ ಸುಳ್ಳು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊರಟವರು ನನ್ನ ಬಳಿ ನಿಂತು ಮೆಲ್ಲಗೆ ಕೇಳಿದರು, "ಪೋಸ್ಟಿಗೆ ಹಾಕಿದವರು ಯಾರು?"

"ನಾನರಿ."

ಅವರು ಮನೆಯ ಕಡೆ ನಡೆದರು.

ಸಾವಕ್ಕ ರೊಟ್ಟಿ ಬಡಿಯತೊಡಗಿದಳು. ನಾನು ಗೋಡೆಗೆ ಕಿವಿಯಿಟ್ಟು ಕುಳಿತೆ. ಹಿತ್ತಲ ಬಾಗಿಲು ತೆರೆಯಿತು. "ನರ್ಮದಾ, ಈಗ ಕೇಳಲಿಕ್ಕೆ ಹತ್ತೀನಿ. ಹೇಳು," ಎಂದ ಪುರಾಣಿಕರ ದನಿ. ಗಡಗಡಿ ಕಿರ್‌ಗುಟ್ಟಿತು, ಎರಡು ಸಲ.

ರೇಡಿಯೋದ ದನಿ ಸಣ್ಣದೇನೂ ಇರಲಿಲ್ಲ; ಅವಳು ಕರೆದದ್ದು ನನ್ನನ್ನೇ.

"ಬುರಾನಸಾಬ, ಇದನ್ನ ಸ್ವಲ್ಪ ನೋಡಕೋರಿ," ಎಂದು ಎದ್ದೆ. ಬೀದಿ ಸುತ್ತಿ ಪುರಾಣಿಕರ ಮುಂಬಾಗಿಲಿಗೆ ಹೋಗಿ ಚಿಲಕ ಬಡಿದೆ.

ಅವರೇ ಬಾಗಿಲು ತೆರೆದರು. "ಬಾ. ಕೂಡು."

ಕೂಡಲಿಲ್ಲ. ನೆಲ ನೋಡುತ್ತ ನಿಂತೆ.

"ಸೋಮವಾರ ಅವರು ಬರತಾರ. ನಾ ಏನ ಹೇಳಲಿ?" ಎಂದರು. ದಣಿದ ದನಿ. "ಮಗಳನ್ನ ಕೇಳಿದರ ನೀರು ಸೇದತಾಳ. ನೀ ನೋಡಿದರ ನೆಲಾ ನೋಡತಿ."

"ಗಡಗಡಿ ಎರಡ ಸಲ ಎಳದರ..." ನನ್ನ ಬಾಯಿಂದ ಹೊರಟದ್ದು ಇಷ್ಟೇ. "ಎರಡ ಸಲ ಎಳದರ, ದನಿ ಏರಸು ಅಂತರಿ."

ಅವರು ನನ್ನನ್ನು ನೋಡಿದರು. ಹಿತ್ತಲ ಕಡೆ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಎಷ್ಟ ದಿನದಿಂದ?"

"ಎಂಟ ತಿಂಗಳಾತ್ರಿ."

"ನನ್ನ ಕಿವಿ ಸಲುವಾಗಿ ಅಂತ ತಿಳಕೊಂಡಿದ್ದೆ," ಎಂದು ಪುರಾಣಿಕರು ಹೊಸ್ತಿಲ ಮೇಲೆಯೇ ಕುಳಿತರು. "ಬಂದೀಯಲ್ಲ, ಕೇಳು. ನನ್ನ ಕೇಳಬ್ಯಾಡ, ಮುಂದಿನ ಬಂಡ್ಯಾಗ ಕೂತಾವ ನಾನು. ಆಕಿನ್ನ ಕೇಳು."

ನಡುಮನೆಯ ಬಾಗಿಲ ಮರೆಯಲ್ಲಿ ಒದ್ದೆ ಸೆರಗಿನ ತುದಿ ಕಾಣುತ್ತಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಂಡಿ ಹೊಳ್ಳಸಲೇನ್ರಿ?" ಎಂದೆ.

ಉತ್ತರ ಬರಲಿಲ್ಲ. ನಾನು ಪುರಾಣಿಕರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಎರಡನೇ ಸಲ ಕೇಳಲಿಕ್ಕೆ ಈ ಮನೆಯಲ್ಲಿ ನನ್ನದೇನೂ ಇರಲಿಲ್ಲ.

ಎರಡನೇ ಸಲ ಕೇಳಿದೆ. "ನರ್ಮದಾ, ಬಂಡಿ ಹೊಳ್ಳಸಲೇನು?"

"ಹೊಳ್ಳಸರಿ," ಎಂದಳು ನರ್ಮದಾ.

ಗೋಡೆಯಾಚೆ ಇನ್ನೂರು ಜನ ಒಮ್ಮೆಲೇ ನಕ್ಕರು. ಸಾವಕ್ಕ ಯಾವನೋ ಗಿರಾಕಿಯನ್ನು ಬೈದಿರಬೇಕು.